ದೇವರ ಮೇಲೆ ಹಾಕಿದ ಆರು ನಿಮಿಷ

ಎಸ್ತೇರಕ್ಕನ ಪರಿಚಯ ನನಗಾದದ್ದು ಅವರ ತಮ್ಮ ಚೇತನಕುಮಾರನಿಂದ. ನಾವಿಬ್ಬರೂ ಬಾಗಲಕೋಟೆಯ ಒಂದೇ ಕಾಲೇಜಿನಲ್ಲಿ ಪಾಠ ಹೇಳುವವರು. ಅವನು ಭೌತಶಾಸ್ತ್ರ, ನಾನು ಕನ್ನಡ. ಪ್ರತಿ ಕ್ರಿಸ್ಮಸ್ಸಿಗೆ ಅವನು ಇಳಕಲ್ಲಿಗೆ, ಅಕ್ಕನ ಮನೆಗೆ ಊಟಕ್ಕೆ ಹೋಗುವಾಗ ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದ. ಅಲ್ಲಿ ಊಟಕ್ಕಿಂತ ಜಗಳವೇ ಹೆಚ್ಚು ಬಿಸಿಯಾಗಿರುತ್ತಿತ್ತು.

ಅಕ್ಕ ತಮ್ಮ ಹುಟ್ಟಿದ್ದು ಗುಳೇದಗುಡ್ಡದಲ್ಲಿ, ರವಿಕೆಯ ಖಣ ನೇಯುವ ಮನೆಯಲ್ಲಿ. ಮುತ್ತಜ್ಜನ ಕಾಲಕ್ಕೇ ಆ ಮನೆ ಕ್ರೈಸ್ತ ಸಭೆ ಸೇರಿತ್ತು. ತಾಯಿ ಬೇಗ ಹೋದರು. ತಮ್ಮನಿಗಿಂತ ಹತ್ತು ವರ್ಷ ದೊಡ್ಡವರಾದ ಎಸ್ತೇರಕ್ಕನೇ ಅವನಿಗೆ ತಾಯಿಯಾದರು. ಅವರು ನರ್ಸಿಂಗ್ ಮುಗಿಸಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಪ್ಪನಿಗೆ ಗಂಟಲಲ್ಲಿ ಹುಣ್ಣಾಯಿತು. ಎರಡು ವರ್ಷ ನರಳಿದರು. ಕೊನೆಕೊನೆಗೆ ಉಗುಳು ನುಂಗಲೂ ಆಗದೆ, ಬಾಯಿಗೆ ಬಟ್ಟೆ ಹಿಡಿದುಕೊಂಡೇ ಕೂತಿರುತ್ತಿದ್ದರು. ಮಣ್ಣು ಮಾಡುವ ದಿನ ಆಗಿನ ಪಾಸ್ಟರು, ದೇವರು ತಾನು ಪ್ರೀತಿಸುವವರನ್ನೇ ಪರೀಕ್ಷೆ ಮಾಡುತ್ತಾನೆ ಎಂದು ಸಮಾಧಾನ ಹೇಳಿದರಂತೆ. ಹದಿನಾರರ ಚೇತನ, "ಹಂಗಾರ ನನ್ನ ಪ್ರೀತಿ ಮಾಡಬ್ಯಾಡ ಅಂತ ಹೇಳ್ರಿ ನಿಮ್ಮ ದೇವರಿಗೆ" ಎಂದು ಅಲ್ಲಿಂದ ಎದ್ದು ಬಂದವನು ಮತ್ತೆ ಗುಡಿಯ ಮೆಟ್ಟಿಲು ಹತ್ತಲಿಲ್ಲ. ಚರ್ಚಿನದೂ ಅಲ್ಲ, ಮತ್ತೊಂದರದೂ ಅಲ್ಲ.

ಎಸ್ತೇರಕ್ಕ ಮದುವೆಯಾಗಲಿಲ್ಲ. ತಮ್ಮನನ್ನು ಓದಿಸಿದರು. ಇಳಕಲ್ಲಿನ ಒಂದು ಖಾಸಗಿ ಹೆರಿಗೆ ದವಾಖಾನೆಯಲ್ಲಿ ಇಪ್ಪತ್ತಾರು ವರ್ಷ ದುಡಿದು ಹಿರಿಯ ಸಿಸ್ಟರ್ ಆದರು. ಭಾನುವಾರ ಚರ್ಚಿನಲ್ಲಿ ಹೆಂಗಸರ ಪ್ರಾರ್ಥನೆ ನಡೆಸುವವರೂ ಅವರೇ. ಎತ್ತರದ ಆಳು, ದೊಡ್ಡ ದನಿ, ಬಿಳಿ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ನಿಂತರೆ ವಾರ್ಡಿನಲ್ಲಿ ಎಲ್ಲರೂ ಸುಮ್ಮನಾಗುತ್ತಿದ್ದರು.

ಕ್ರಿಸ್ಮಸ್ಸಿನ ಜಗಳ ಶುರುವಾಗುತ್ತಿದ್ದುದು ಯಾವಾಗಲೂ ಒಂದೇ ಪ್ರಶ್ನೆಯಿಂದ.

"ಅಕ್ಕಾ, ಲೋಕದಾಗ ಇಷ್ಟು ಸಂಕಟ ಐತಿ. ನಿನ್ನ ದೇವರಿಗೆ ಅದನ್ನ ತಡಿಯಾಕ ಮನಸಿಲ್ಲೋ, ಶಕ್ತಿ ಇಲ್ಲೋ? ಒಂದರ ಹೇಳು."

"ನಿನಗ ಕಂಡಷ್ಟs ಖರೆ ಅಂತ ಯಾರು ಹೇಳ್ಯಾರ? ನಿನಗ ಕಾಣದ್ದು ಅಂವಗ ಕಾಣತೈತಿ."

"ಇದು ಉತ್ತರ ಅಲ್ಲ. ತಪ್ಪಿಸಿಕೊಳ್ಳೂ ಹಾದಿ."

"ಮೊದಲು ಉಣ್ಣು. ಆಮ್ಯಾಲೆ ದೇವರ ತಪ್ಪು ಹುಡುಕು," ಎಂದು ಅವರು ಅವನ ತಟ್ಟೆಗೆ ಮತ್ತೊಂದು ಸೌಟು ಸುರಿಯುತ್ತಿದ್ದರು. ನಾನು ನಗುತ್ತಿದ್ದೆ. ಇಬ್ಬರೂ ಸೋಲುತ್ತಿರಲಿಲ್ಲ, ಇಬ್ಬರಿಗೂ ಬೇಜಾರಾಗುತ್ತಿರಲಿಲ್ಲ. ೨೦೨೨ರ ಆಗಸ್ಟ್‌ವರೆಗೆ ಹೀಗೇ ನಡೆದಿತ್ತು.

ಆ ದಿನ ಮಧ್ಯಾಹ್ನ ಕೂಡಲಸಂಗಮದ ಕಡೆಯ ಒಂದು ಹಳ್ಳಿಯಿಂದ ಸುಮಾ ಎಂಬ ಹುಡುಗಿಯನ್ನು ಹೆರಿಗೆಗೆ ಕರೆತಂದರು. ಇಪ್ಪತ್ತೊಂದರ ವಯಸ್ಸು, ಚೊಚ್ಚಲು. ಕುರಿ ಕಾಯುವ ಮನೆತನ. ಜೊತೆಗೆ ಗಂಡ ಮುತ್ತುರಾಜ, ಅತ್ತೆ ಲಕ್ಕವ್ವ. ಲಕ್ಕವ್ವ ಸೊಸೆಯ ಹಣೆಗೆ ಮನೆದೇವರು ಬೀರಪ್ಪನ ಭಂಡಾರದ ಅರಿಸಿನ ಹಚ್ಚಿಯೇ ಕರೆತಂದಿದ್ದರು. ಎಸ್ತೇರಕ್ಕ ಅದನ್ನು ಒರೆಸಲಿಲ್ಲ.

ನಾಲ್ಕು ಗಂಟೆಯ ಸುಮಾರಿಗೆ ಹೆಣ್ಣುಕೂಸು ಹುಟ್ಟಿತು. ಅಳಲಿಲ್ಲ. ಕೊರಳಿಗೆ ಹೊಕ್ಕಳಬಳ್ಳಿ ಸುತ್ತಿಕೊಂಡಿತ್ತು. ಡಾಕ್ಟರ್ ರಾಜಕುಮಾರ ಬಳ್ಳಿ ಬಿಡಿಸಿ ಕೂಸನ್ನು ಎಸ್ತೇರಕ್ಕನ ಕೈಗಿಟ್ಟರು. ಮೈ ಒರೆಸಿ, ಬೆನ್ನು ತಿಕ್ಕಿ, ಉಸಿರು ಹಿಡಿಯದಿದ್ದಾಗ ಅವರು ಅಂಬು ಬ್ಯಾಗು ತೆಗೆದುಕೊಂಡರು. ಅಂಬು ಬ್ಯಾಗೆಂದರೆ ಕೂಸಿನ ಮೂಗುಬಾಯಿಗೆ ಹಿಡಿದು ಕೈಯಿಂದ ಅಮುಕಿ ಗಾಳಿ ಕೊಡುವ ರಬ್ಬರಿನ ಚೀಲ. ಎರಡು ಸಲ ಅಮುಕಿದರು. ಕೂಸಿನ ಎದೆ ಏಳಲಿಲ್ಲ. ಮೂರನೆಯ ಸಲ ಗಾಳಿ ತಮ್ಮ ಅಂಗೈಗೇ ಬಡಿಯಿತು. ರಬ್ಬರು ಬಿರಿದಿತ್ತು.

ಇನ್ನೊಂದು ಬ್ಯಾಗು ಮೇಲಿನ ಮಹಡಿಯ ಆಪರೇಶನ್ ಕೋಣೆಯಲ್ಲಿತ್ತು. ಕೋಣೆಗೆ ಬೀಗ. ಕೀಲಿ ಹುಡುಕಿ, ಬ್ಯಾಗು ತಂದು ಕೂಸಿನ ಮುಖಕ್ಕೆ ಇಡುವ ಹೊತ್ತಿಗೆ ಆರು ನಿಮಿಷ ಹೋಗಿತ್ತು. ಅಷ್ಟು ಹೊತ್ತೂ ಡಾಕ್ಟರು ಬಾಯಿಂದಲೇ ಉಸಿರು ಊದುತ್ತಿದ್ದರು. ಆಮೇಲೆ ಎದೆ ಎದ್ದಿತು, ಒಂದೆರಡು ಸಲ ಕೂಸು ತಾನೇ ಬಿಕ್ಕಿದ ಹಾಗೆ ಉಸಿರು ತೆಗೆಯಿತು. ಹುಟ್ಟಿ ನಲವತ್ತು ನಿಮಿಷಕ್ಕೆ ನಿಂತುಹೋಯಿತು.

"ಬಳ್ಳಿ ಭಾಳ ಬಿಗದಿತ್ತು ಸಿಸ್ಟರ್," ಎಂದರು ಡಾಕ್ಟರು, ಕೈ ತೊಳೆಯುತ್ತ. "ಏನ್ ಮಾಡಿದ್ರೂ ಉಳೀತಿರಲಿಲ್ಲೇನೋ."

ಆ 'ಏನೋ' ಎಂಬುದನ್ನು ಹಿಡಿದುಕೊಂಡು ಎಸ್ತೇರಕ್ಕ ಹೊರಗೆ ಬಂದರು. ಇಂಥ ಸುದ್ದಿಯನ್ನು ಅವರು ಅದೆಷ್ಟೋ ಮನೆಯವರಿಗೆ ಹೇಳಿದ್ದರು. ಎಲ್ಲರಿಗೂ ಹೇಳಿದ್ದು ಒಂದೇ ಮಾತು, ಅದನ್ನು ನಂಬಿಯೇ ಹೇಳಿದ್ದು. ಲಕ್ಕವ್ವನ ಕೈ ಹಿಡಿದುಕೊಂಡು, "ದೇವರ ಚಿತ್ತ, ಅವ್ವಾ" ಎಂದರು.

ಲಕ್ಕವ್ವ ಕೈ ಬಿಡಿಸಿಕೊಂಡರು. "ಯಾವ ದೇವರದು?"

ಎಸ್ತೇರಕ್ಕ ಮತ್ತೆ ಅವರ ಕೈ ಹಿಡಿಯಲು ಹೋದರು.

"ನಮ್ಮ ಬೀರಪ್ಪ ಅಂಥಾಂವ ಅಲ್ಲವಾ. ಹಸಗೂಸಿನ ಕೊರಳಿಗೆ ಕೈ ಹಾಕಾಂವ ಅಲ್ಲ. ನಿಮ್ಮ ದೇವರು ಹಂಗ ಮಾಡ್ತಾನೇನು?"

ಕೂಸನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟು ಕಳಿಸಿದ ಮೇಲೆ ಎಸ್ತೇರಕ್ಕ ಸಾಮಾನಿನ ರಜಿಸ್ಟರು ತೆರೆದರು. ಹೆರಿಗೆ ಕೋಣೆಯ ಸಾಮಾನನ್ನೆಲ್ಲ ದಿನಾ ಬೆಳಿಗ್ಗೆ ನೋಡಿ, ಸರಿಯಿದೆ ಎಂದು ಸಹಿ ಹಾಕುವುದು ಅವರ ಕೆಲಸ. ಆ ದಿನದ ತಾರೀಖಿನ ಮುಂದೆ ಅವರದೇ ಸಹಿ ಇತ್ತು. ಬ್ಯಾಗನ್ನು ಅವರು ಕೈಯಲ್ಲಿ ಹಿಡಿದು ನೋಡಿರಲಿಲ್ಲ. ಆ ಬೆಳಿಗ್ಗೆ ಅವಸರವೇನೂ ಇರಲಿಲ್ಲ, ಮೈ ಸರಿಯಿಲ್ಲದ್ದೂ ಅಲ್ಲ. ದಿನಾ ಸರಿಯಿರುತ್ತಿತ್ತು, ಅದಕ್ಕೆ ನೋಡುವುದು ಬಿಟ್ಟು ಎಷ್ಟು ತಿಂಗಳಾಗಿತ್ತೋ ಅವರಿಗೇ ನೆನಪಿಲ್ಲ. ನನಗೆ ಇದನ್ನು ಹೇಳುವಾಗ, "ಏನರ ಒಂದು ಕಾರಣ ಇದ್ದಿದ್ರ ಚಲೋ ಇತ್ತು" ಎಂದಿದ್ದರು.

ಅವರು ಯಾರಿಗೂ ಹೇಳಲಿಲ್ಲ. ಬಿರಿದ ಬ್ಯಾಗು ಕಸಕ್ಕೆ ಹೋಯಿತು, ಹೊಸದು ಬಂತು. ಹೆಂಗಸರ ಪ್ರಾರ್ಥನೆ ನಡೆಸುವುದನ್ನೂ ಬಿಡಲಿಲ್ಲ. ಆದರೆ 'ದೇವರ ಚಿತ್ತ' ಎಂಬ ಮಾತು ಬಂದಲ್ಲೆಲ್ಲ ಅವರಿಗೆ ತಮ್ಮ ಸಹಿ ಕಾಣುತ್ತಿತ್ತು. ದೇವರ ಚಿತ್ತವೇ ಆಗಿದ್ದರೆ ತಾನು ನಿರಪರಾಧಿ. ಮೂರು ತಿಂಗಳು ಆ ಮಾತನ್ನು ನಂಬಲು ಅವರು ಒದ್ದಾಡಿದರು. ನಂಬಿದಷ್ಟೂ ದೇವರೇ ಚಿಕ್ಕವನಾಗುತ್ತ ಹೋದ. ಒಂದು ಸಂಜೆ ತಮ್ಮನಿಗೆ ಫೋನು ಮಾಡಿ, ಬಳ್ಳಿ ಬಿಗದು ಒಂದು ಹೆಣ್ಣುಕೂಸು ನಲವತ್ತು ನಿಮಿಷಕ್ಕ ನನ್ನ ಕೈಯಾಗ ಹೋತು ಎಂದಷ್ಟೇ ಹೇಳಿದರು. ಬ್ಯಾಗಿನ ಮಾತು ಎತ್ತಲಿಲ್ಲ.

ಡಿಸೆಂಬರಿನ ಮೊದಲ ವಾರ ನಮ್ಮ ಕಾಲೇಜಿನ ವಿಚಾರ ವೇದಿಕೆಯವರು ನವನಗರದ ಒಂದು ಸಭಾಭವನದಲ್ಲಿ ಚರ್ಚೆ ಇಟ್ಟುಕೊಂಡರು. ವಿಷಯ, ಒಳ್ಳೆಯ ದೇವರಿದ್ದರೆ ಕೇಡು ಯಾಕೆ? ನಾಸ್ತಿಕನ ಕಡೆಯಿಂದ ಚೇತನಕುಮಾರ. ಕ್ರೈಸ್ತರ ಕಡೆಯಿಂದ ಇಳಕಲ್ಲಿನ ಪಾಸ್ಟರ್ ಜಯಶೀಲ. ವಯಸ್ಸು ಸಣ್ಣದಾದರೂ ಓದಿಕೊಂಡವರು, ಮೆದು ಮನುಷ್ಯ. ನಿರೂಪಣೆ ನನ್ನದು. ಎಸ್ತೇರಕ್ಕ ತಮ್ಮ ಪಾಸ್ಟರ ಜೊತೆಗೇ ಬಸ್ಸಿನಲ್ಲಿ ಬಂದು ಮೂರನೆಯ ಸಾಲಿನಲ್ಲಿ ಕೂತಿದ್ದರು.

ಚೇತನ ಚೆನ್ನಾಗಿ ಮಾತಾಡಿದ. "ದೊಡ್ಡ ಯುದ್ಧ, ಭೂಕಂಪದ ಮಾತು ಬೇಡ," ಎಂದ. "ಹೋದ ಆಗಸ್ಟಿನಲ್ಲಿ ನಮ್ಮದೇ ಜಿಲ್ಲೆಯಲ್ಲಿ ಒಂದು ಹೆಣ್ಣುಕೂಸು ಹುಟ್ಟಿತು. ನಲವತ್ತು ನಿಮಿಷ ಬದುಕಿತು. ಹೆಸರಿಡುವಷ್ಟೂ ಹೊತ್ತು ಸಿಗಲಿಲ್ಲ. ಅದು ಯಾವ ಪಾಪ ಮಾಡಿತ್ತು? ಅದಕ್ಕೆ ಯಾವ ಪರೀಕ್ಷೆ? ನಮ್ಮಲ್ಲಿ ಯಾರಾದರೂ ಅಲ್ಲಿ ನಿಂತಿದ್ದು, ಉಳಿಸುವ ಶಕ್ತಿ ಇದ್ದೂ ಸುಮ್ಮನೆ ನೋಡಿದ್ದರೆ ಅವರನ್ನು ಏನೆಂದು ಕರೆಯುತ್ತಿದ್ದೆವು? ಅದೇ ಮಾತನ್ನು ದೇವರಿಗೆ ಅನ್ನಲು ಯಾಕೆ ಹೆದರಬೇಕು?"

ಹುಡುಗರು ಚಪ್ಪಾಳೆ ತಟ್ಟಿದರು. ನಾನು ಎಸ್ತೇರಕ್ಕನ ಕಡೆ ನೋಡಿದೆ. ಅವರು ಮುಂದಿನ ಕುರ್ಚಿಯ ಬೆನ್ನನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದರು.

ಪಾಸ್ಟರೂ ಕಡಿಮೆಯಿರಲಿಲ್ಲ. ಪ್ರೀತಿ ಬೇಕೆಂದರೆ ಮನುಷ್ಯನಿಗೆ ಆಯ್ಕೆ ಇರಬೇಕು, ಆಯ್ಕೆ ಇದ್ದಲ್ಲಿ ತಪ್ಪಿಗೂ ಜಾಗವಿರುತ್ತದೆ ಎಂದರು. "ಸೂಜಿ ಚುಚ್ಚಿಸಿಕೊಳ್ಳೋ ಕೂಸಿಗೆ ತನ್ನನ್ನ ಹಿಡಕೊಂಡ ತಾಯಿನs ವೈರಿ ಅನಸ್ತಾಳ. ಅದಕ್ಕ ಕಾರಣ ತಿಳಿಯಂಗಿಲ್ಲ. ನಾವೂ ಹಂಗ" ಎಂದರು. ಆಮೇಲೆ ಚೇತನನ ಕಡೆ ತಿರುಗಿ, "ಸರ್, ದೇವರಿಲ್ಲ ಅಂದ ಮ್ಯಾಲೆ ಆ ಕೂಸು ಸತ್ತದ್ದು ಕೇಡು ಅಂತ ಹೆಂಗ ಹೇಳ್ತೀರಿ? ನಿಮ್ಮ ಲೆಕ್ಕದಾಗ ಗುಡ್ಡದಿಂದ ಒಂದು ಕಲ್ಲು ಉರುಳಿತು, ಅಷ್ಟ ಅಲ್ಲೇನ್ರಿ?" ಎಂದು ಕೇಳಿದರು.

"ಅಳಾಕ ದೇವರ ಅಪ್ಪಣಿ ಬೇಕೇನ್ರಿ?" ಎಂದ ಚೇತನ. ಮತ್ತೆ ಚಪ್ಪಾಳೆ.

ಪ್ರಶ್ನೆಗಳ ಸಮಯ ಬಂತು. ಮೈಕು ಹಿಡಿದ ವಿದ್ಯಾರ್ಥಿನಿ ಯಾರ ಕಡೆ ಹೋಗಬೇಕೆಂದು ನೋಡುತ್ತಿದ್ದಳು. ಎಸ್ತೇರಕ್ಕ ಎದ್ದು ನಿಂತರು. ಮೈಕು ಅವರಿಗೆ ಬೇಕಾಗಿರಲಿಲ್ಲ.

"ನೀವಿಬ್ಬರೂ ಮಾತಾಡಿದ ಕೂಸು ನನ್ನ ಕೈಯಾಗಿತ್ತು," ಎಂದರು.

ಚೇತನ ಕುರ್ಚಿಯಿಂದ ಅರ್ಧ ಎದ್ದ. "ಅಕ್ಕಾ, ಆಮ್ಯಾಲೆ..."

"ಈಗs ಹೇಳ್ತೇನಿ, ಕುಂದ್ರು." ಪಾಸ್ಟರ ಕಡೆ ತಿರುಗಿದರು. "ಅಯ್ಯನವರs, ಸೂಜಿ ಚುಚ್ಚಿದ ಮ್ಯಾಲೆ ಕೂಸು ತಾಯಿ ತೊಡಿ ಮ್ಯಾಲೆ ಅತ್ತು ಸುಮ್ಮನಾಗತೈತಿ. ನಾ ಸಾವಿರ ಸಲ ನೋಡೇನಿ. ಈ ಕೂಸು ಅಳಲೇ ಇಲ್ಲ. ಚೇತೂ, ಅಲ್ಲಿ ನಿಂತು ಸುಮ್ಮನ ನೋಡಿದಾಂವ ಯಾರು ಅಂತ ಕೇಳಿದಿ. ದೇವರ ಸುದ್ದಿ ಆಮ್ಯಾಲೆ ನೋಡೂಣು. ಉಸಿರು ಕೊಡೂ ರಬ್ಬರ್ ಚೀಲ ಬಿರದಿತ್ತು. ಅದನ್ನ ನೋಡಬೇಕಾದಾಕಿ ನಾನು. ನೋಡದs ಸಹಿ ಮಾಡಿದ್ದೆ. ಆರು ನಿಮಿಷ ಹೋತು. ಹೊರಗ ಬಂದು ಅದರ ಅಜ್ಜಿಗೆ, ದೇವರ ಚಿತ್ತ ಅಂತ ಹೇಳಿದೆ."

ನಿರೂಪಕನಾದ ನಾನು ಕುರ್ಚಿಯಿಂದ ಎದ್ದೆ. ಎಸ್ತೇರಕ್ಕ ಸೆರಗು ಸರಿಮಾಡಿಕೊಂಡು ಸಾಲಿನಿಂದ ಹೊರಗೆ ಬಂದು, ಬಾಗಿಲು ದಾಟಿ ಹೋದರು. ಕಾರ್ಯಕ್ರಮ ವಂದನಾರ್ಪಣೆಯಿಲ್ಲದೆ ಮುಗಿಯಿತು.

ಹೊರಗೆ ಬೇವಿನ ಮರದ ಕೆಳಗೆ ಅವರು ನಿಂತಿದ್ದರು. ಪಾಸ್ಟರ್ ಓಡಿ ಬಂದು, "ಅಕ್ಕಾರ, ಮನಸ್ಸಿಗೆ ಹಚಗೋಬ್ಯಾಡ್ರಿ. ದೇವರು ನಿಮ್ಮನ್ನ ಕ್ಷಮಿಸ್ಯಾನ" ಎಂದರು.

"ನಾ ಇನ್ನೂ ಕೇಳೇ ಇಲ್ರಿ," ಎಂದರು ಎಸ್ತೇರಕ್ಕ.

ಚೇತನ ಹೇಳಿದ್ದು ಬೇರೆ. "ಬಳ್ಳಿ ಬಿಗದಿತ್ತು ಅಂತ ನೀನs ಹೇಳಿದ್ದಿ. ಉಳೀತಿತ್ತು ಅಂತ ಗ್ಯಾರಂಟಿ ಇಲ್ಲ. ಮನಷ್ಯಾರು ತಪ್ಪು ಮಾಡ್ತಾರ. ನಿನ್ನ ಮ್ಯಾಲೆ ಕುಂತು ಶಿಕ್ಷಾ ಕೊಡಾಂವ ಯಾವನೂ ಇಲ್ಲ, ಅಕ್ಕಾ."

ಅವರು ಇಬ್ಬರನ್ನೂ ನೋಡಿದರು. "ಒಳಗ ಅಷ್ಟು ಜಗಳಾಡಿದ್ರಿ. ನನ್ನ ಬಿಡಸೂದರಾಗ ಮಾತ್ರ ಇಬ್ಬರೂ ಒಂದಾದ್ರಿ ನೋಡ್ರಿ," ಎಂದರು. ಸಿಟ್ಟಿನಿಂದ ಹೇಳಿದ ಮಾತಲ್ಲ ಅದು, ದಣಿದ ಮಾತು.

ಮರುದಿನ ಭಾನುವಾರ. ಅವರು ಚರ್ಚಿಗೆ ಹೋಗಲಿಲ್ಲ. ಸುಮಾಳ ಊರಿಗೆ ಹೋಗುತ್ತೇನೆ ಎಂದರು. ಚೇತನ ತಡೆದು ನೋಡಿದ. ಆಗದಿದ್ದಾಗ ತಾನೇ ಕಾರು ತೆಗೆದ. ಅಲ್ಲಿ ನಡೆದದ್ದನ್ನು ಇಬ್ಬರೂ ನನಗೆ ಬೇರೆಬೇರೆಯಾಗಿ ಹೇಳಿದ್ದಾರೆ. ಎರಡೂ ಒಂದೇ ತರಹ ಇವೆ.

ಮನೆಯ ಮುಂದೆ ಕುರಿ ಕೂಡುವ ಮುಳ್ಳುಬೇಲಿಯ ಹಟ್ಟಿ. ಲಕ್ಕವ್ವ ಗುರುತು ಹಿಡಿದು, ಕಂಬಳಿ ಹಾಸಿ, ಕುಡಿಯಲು ನೀರು ಕೊಟ್ಟು, ಚಹಾಕ್ಕೆ ಇಟ್ಟರು. ದವಾಖಾನೆಯವರು ಇಷ್ಟು ದೂರ ಬಂದದ್ದು ಅವರಿಗೆ ಸೋಜಿಗ. ಸುಮಾ ಬಾಗಿಲಲ್ಲಿ ನಿಂತಿದ್ದಳು, ಸೊರಗಿದ್ದಳು. ಮುತ್ತುರಾಜ ಹಟ್ಟಿಯ ಬೇಲಿಗೆ ಒರಗಿದ್ದ. ಎಸ್ತೇರಕ್ಕ ಸುತ್ತುಬಳಸಿಲ್ಲದೆ ಹೇಳಿದರು: ಚೀಲ, ಸಹಿ, ಬೀಗ, ಆರು ನಿಮಿಷ. ಬಳ್ಳಿ ಸುತ್ತಿದ್ದೂ ಖರೆ, ಚೀಲ ಸರಿ ಇದ್ದಿದ್ದರೆ ಉಳಿಯುತ್ತಿತ್ತೋ ಇಲ್ಲವೋ ತನಗೆ ಗೊತ್ತಿಲ್ಲ ಎಂಬುದನ್ನೂ ಹೇಳಿದರು.

ಮೊದಲು ಮಾತಾಡಿದವಳು ಸುಮಾ. "ಆರು ನಿಮಿಷ ಅಂದ್ರ ಎಷ್ಟು ಹೊತ್ತರಿ?"

ಎಸ್ತೇರಕ್ಕ ಕೈಗಡಿಯಾರ ಬಿಚ್ಚಿ ಕಂಬಳಿಯ ಮೇಲೆ ಇಟ್ಟರು. ಸೆಕೆಂಡಿನ ಮುಳ್ಳು ತೋರಿಸಿದರು. ಸುಮಾ ಬಂದು ಎದುರಿಗೆ ಕುಕ್ಕರುಗಾಲಲ್ಲಿ ಕೂತಳು. ಎರಡು ನಿಮಿಷಕ್ಕೇ ಚೇತನ ನೋಡಲಾಗದೆ ಮುಖ ತಿರುಗಿಸಿದನಂತೆ. ನಾಲ್ಕಾಗುವ ಹೊತ್ತಿಗೆ ಮುತ್ತುರಾಜ, "ಸಾಕು ಮಾಡ್ರಿ. ಎದ್ದು ಹೋಗ್ರಿ ಇಲ್ಲಿಂದ!" ಎಂದು ಕೂಗಿದ.

"ಇರಲಿ. ಪೂರಾ ಆಗಲಿ," ಎಂದಳು ಸುಮಾ, ಗಡಿಯಾರದಿಂದ ಕಣ್ಣು ತೆಗೆಯದೆ.

ಆರು ಪೂರ್ತಿಯಾದ ಮೇಲೆ ಅವಳು ಅಳತೊಡಗಿದಳು. ಅಳುತ್ತಲೇ ಹೇಳಿದಳು: "ನಾ ಆವತ್ತು ಮುಂಜಾನೆ ಕುರಿಮರಿ ಎತ್ತಿದ್ದೇನ್ರಿ. ಎತ್ತಬ್ಯಾಡ ಅಂತ ಅತ್ತಿ ಹೇಳಿದ್ದರು. ಬಾವಿ ಕಡೆ ಹೊಂಟಿತ್ತು, ಎತ್ತಿಬಿಟ್ಟೆ. ಅದಕ್ಕs ಹಿಂಗಾತು ಅನ್ಕೊಂಡಿದ್ದೆ. ದೇವರು ಸುಮ್ಮಸುಮ್ಮನ ಮಾಡೂದಿಲ್ಲ, ನೀನs ಏನೋ ತಪ್ಪು ಮಾಡಿರಬೇಕು ಅಂತ ಮಂದಿನೂ ಅಂದ್ರು."

ಎಸ್ತೇರಕ್ಕ ಇದಕ್ಕೆ ತಯಾರಾಗಿ ಬಂದಿರಲಿಲ್ಲ. ಬೈಗುಳಕ್ಕೆ, ಪೊಲೀಸಿಗೆ, ಹೊಡೆತಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡಿದ್ದರು. ತಾನು ದೇವರ ಮೇಲೆ ಹಾಕಿದ್ದು ದೇವರ ಮೇಲೆ ನಿಂತಿರಲಿಲ್ಲ. ಅಲ್ಲಿಂದ ಜಾರಿ ಈ ಹುಡುಗಿಯ ತಲೆಯ ಮೇಲೆ ಬಿದ್ದು, ನಾಲ್ಕು ತಿಂಗಳು ಅಲ್ಲೇ ಇತ್ತು.

ಲಕ್ಕವ್ವ ಸೊಸೆಯ ಪಕ್ಕ ಬಂದು ಕೂತು ಅವಳ ಬೆನ್ನಿನ ಮೇಲೆ ಕೈಯಿಟ್ಟರು. "ನೀವು ಬಂದು ಹೇಳಿದ್ದು ಚಲೋ ಆತು ಅಂತ ನಾ ಅನ್ನಾಂಗಿಲ್ಲ," ಎಂದರು ಎಸ್ತೇರಕ್ಕನಿಗೆ. "ನನಗ ಹಗರ ಆಗಲಿಲ್ಲ. ಈ ಹುಡುಗಿಗೆ ಆಗಿರಬೇಕು. ಈಗ ಹೋಗ್ರಿ."

ಚಹಾ ಒಲೆಯ ಮೇಲೇ ಉಳಿಯಿತು.

ವಾಪಸು ಬರುವಾಗ ಹುನಗುಂದದ ಹತ್ತಿರ ಚೇತನ ಕಾರು ನಿಲ್ಲಿಸಿದ. ಹೊಲದಲ್ಲಿ ಕಡಲೆ ಹಸಿರಾಗಿತ್ತು. "ಆ ಕೂಸನ್ನ ನಾ ಚಪ್ಪಾಳಿಗೆ ಬಳಸಿಕೊಂಡೆ ಅಕ್ಕಾ. ತಪ್ಪಾತು."

"ನಾನೂ ದೇವರ ಚಿತ್ತ ಅಂತ ಬಳಸಿಕೊಂಡೇನಲ್ಲ."

ಆಮೇಲೆ ಅವನು ಕೇಳಿದ. "ಹಂಗಾರ ಈಗ ನಿನ್ನ ದೇವರು?" ವಾದಕ್ಕೆ ಕೇಳಿದ್ದಲ್ಲ. ಅವನಿಗೆ ನಿಜವಾಗಿ ಹೆದರಿಕೆಯಾಗಿತ್ತು, ಅಕ್ಕನ ಹತ್ತಿರ ಅದೂ ಇಲ್ಲದಂತಾದರೆ ಎಂದು.

"ತಪ್ಪು ನಂದು. ಅದನ್ನ ನಾ ಯಾರಿಗೂ ಕೊಡಾಕಿ ಅಲ್ಲ," ಎಂದರು ಎಸ್ತೇರಕ್ಕ. "ಆದ್ರ ನನ್ನ ತಪ್ಪಿಗೆ ಕೂಸು ಯಾಕ ಸಾಯಬೇಕಾಗಿತ್ತು? ಮುಂಜಾನೆ ನನ್ನ ಕೈ ಹಿಡದು, ಆ ಚೀಲ ಒಮ್ಮೆ ಒತ್ತಿ ನೋಡು ಅನಬಹುದಾಗಿತ್ತಲ್ಲ ಅಂವ? ಅಷ್ಟೂ ಆಗಲಿಲ್ಲೇನು? ನಿನ್ನ ಪ್ರಶ್ನಿನs ಇದು. ಇಷ್ಟು ವರ್ಷ ಕೇಳಿದಿ, ನನಗ ಕೇಳಿಸಿದ್ದು ಈಗ."

"ಉತ್ತರ?"

"ಇಲ್ಲ. ಆದ್ರ ಕೇಳೂದು ಅಂವನ್ನs ಕೇಳಾಕತ್ತೇನಿ. ಅಂವ ಇಲ್ಲ ಅಂದ್ರ ಯಾರಿಗೆ ಕೇಳ್ಲಿ?"

ಚೇತನ ಕಾರು ಹೊರಡಿಸಿದ.

ಆ ವಾರವೇ ಎಸ್ತೇರಕ್ಕ ನಡೆದದ್ದನ್ನೆಲ್ಲ ಬರೆದು ದವಾಖಾನೆಯ ಮಾಲೀಕರಿಗೆ ಕೊಟ್ಟರು. ಕಾಗದ ವಾಪಸು ತಗೊಳ್ಳಿರೆಂದು ಅವರು ಎರಡು ಸಲ ಕರೆಸಿ ಕೇಳಿದರು. ಎಸ್ತೇರಕ್ಕ ತೆಗೆದುಕೊಳ್ಳದೆ ಕೆಲಸ ಬಿಟ್ಟರು. ಜಿಲ್ಲಾ ಆರೋಗ್ಯ ಇಲಾಖೆಗೂ ಒಂದು ಪ್ರತಿ ಕಳಿಸಿದ್ದರು. ಇಬ್ಬರು ಬಂದು ವಿಚಾರಣೆ ಮಾಡಿ, ಸಾವಿಗೆ ಕಾರಣ ಕೊರಳಿಗೆ ಸುತ್ತಿದ ಬಳ್ಳಿ ಎಂದು ಬರೆದುಕೊಂಡು ಹೋದರು. ಮುತ್ತುರಾಜ ದೂರು ಕೊಡಲಿಲ್ಲ. ಶಿಕ್ಷೆ ಯಾರಿಗೂ ಆಗಲಿಲ್ಲ. ಅದೂ ಎಸ್ತೇರಕ್ಕನಿಗೆ ಸಮಾಧಾನ ತರಲಿಲ್ಲ.

ಈಗ ಅವರು ಹುನಗುಂದದ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಗಾಯಕ್ಕೆ ಪಟ್ಟಿ ಕಟ್ಟುತ್ತಾರೆ, ಇಂಜೆಕ್ಷನ್ ಕೊಡುತ್ತಾರೆ. ಹೆರಿಗೆ ಮಾಡಿಸುವುದಿಲ್ಲ. ಭಾನುವಾರ ಚರ್ಚಿಗೆ ಹೋಗುತ್ತಾರೆ, ಹಿಂದಿನ ಸಾಲಿನಲ್ಲಿ ಕೂರುತ್ತಾರೆ, ಪ್ರಾರ್ಥನೆ ನಡೆಸುವುದಿಲ್ಲ. ಪಾಸ್ಟರ್ ಜಯಶೀಲ ತಿಂಗಳಿಗೊಮ್ಮೆ ಅವರ ಮನೆಗೆ ಬಂದು, ಉಪದೇಶ ಮಾಡದೆ, ಚಹಾ ಕುಡಿದು ಹೋಗುತ್ತಾರೆ. ಸೂಜಿಯ ಉದಾಹರಣೆಯನ್ನು ಆಮೇಲೆ ಎಲ್ಲಿಯೂ ಹೇಳಿಲ್ಲವಂತೆ.

ಹೋದ ವರ್ಷ ಶ್ರಾವಣದಲ್ಲಿ ಸುಮಾಳ ಹಳ್ಳಿಯ ಶಾರವ್ವ ಎಂಬಾಕೆ ಕಾಲಿನ ಗಾಯಕ್ಕೆಂದು ಕ್ಲಿನಿಕ್ಕಿಗೆ ಬಂದಿದ್ದಳು. ಮಾತಿಗೆ ಮಾತು ಬಂದು, ಲಕ್ಕವ್ವನ ಸೊಸೆಗೆ ಬಾಗಲಕೋಟೆಯಲ್ಲಿ ಗಂಡುಕೂಸು ಆಯಿತೆಂದು ಹೇಳಿದಳು.

"ಉಸಿರು ಚಲೋ ಐತೇನು?" ಎಂದರು ಎಸ್ತೇರಕ್ಕ.

"ಓಣಿಗೆಲ್ಲ ಕೇಳೂ ಹಂಗ ಅಳತೈತ್ರಿ."

ಅವರಿಗೆ ಹೋಗಿ ನೋಡಬೇಕೆನಿಸಿತು. ಯಾರೂ ಕರೆದಿರಲಿಲ್ಲ, ಹೋಗಲಿಲ್ಲ. ಸಂಜೆ ಮನೆಗೆ ಬಂದು, ದೇವರಿಗೆ ಕೃತಜ್ಞತೆಯ ಸ್ತೋತ್ರ ಹೇಳೋಣವೆಂದು ಮೊಣಕಾಲೂರಿದರಂತೆ.

"ಈ ಕೂಸು ಕೊಟ್ಟಿ ಅಂತ ಅಂವಗ ಸ್ತೋತ್ರ ಅಂದ್ರ, ಆ ಕೂಸಿನ ಸಲುವಾಗಿ ಏನಂತ ಅನ್ಲಿ?" ಎಂದು ನನ್ನನ್ನು ಕೇಳಿದರು. ಆ ಸಂಜೆ ಬಹಳ ಹೊತ್ತು ಹಾಗೇ ಮೊಣಕಾಲಿನ ಮೇಲೇ ಇದ್ದು, ಕಾಲು ಜೋಮು ಹಿಡಿದ ಮೇಲೆ ಎದ್ದು ಅನ್ನಕ್ಕಿಟ್ಟೆ ಎಂದರು.